ಹೊಳೆಕೊಪ್ಪದ ತೂಗು ಸೇತುವೆಯ ಇತಿಹಾಸ ಬರೆದು ಮುಗಿಯುವವರೆಗೆ ಅದು ತೂಗದಂತೆ ನೋಡಿಕೊಳ್ಳುವ ಕುರಿತು

ಸಂಖ್ಯೆ: ತೂ.ಸೇ./ಇತಿ./47½/1963-64
ಮುಕ್ಕಾಮು: ಬೇವಿನಗಟ್ಟಿ ದಂಡೆ
ದಿನಾಂಕ: 8 ಜುಲೈ 1963

ಸುತ್ತೋಲೆ

ವಿಷಯ: ವರದಾ ಹೊಳೆಯ ಮೇಲಿನ ತೂಗು ಸೇತುವೆಯ ಇತಿಹಾಸ ಸಿದ್ಧಪಡಿಸುವುದು, ಸದರಿ ಸೇತುವೆಯ ಮೇಲೆ ಜನಿಸಿದ ಕು. ಹೊಳೆವ್ವ ಎಂಬ ಬಾಲಿಕೆಯ ತಾಲೂಕು ಯಾವುದೆಂದು ನಿರ್ಣಯಿಸುವುದು. ಎರಡೂ ಕೆಲಸ ಮುಗಿಯುವವರೆಗೆ ಸೇತುವೆ ಅಲುಗಾಡದಂತೆ ಕ್ರಮ ಕೈಗೊಳ್ಳುವುದು.

ಉಲ್ಲೇಖ:
1) ಸೇತುವೆಯ ಇತಿಹಾಸ ಕೇಳಿ ಮೇಲಿನ ಕಚೇರಿಯಿಂದ ಬಂದ ಪತ್ರ.
2) ಸದರಿ ಪತ್ರದ ನೆನಪೋಲೆ.
3) ನೆನಪೋಲೆ ನೆನಪಿದೆಯೇ ಎಂದು ವಿಚಾರಿಸಿದ ಪತ್ರ.
4) ಬಾಲಿಕೆಯ ತಾಲೂಕು ತಿಳಿಸುವಂತೆ ಶಾಲಾ ತಪಾಸಣೆಯವರು ಕೇಳಿದ ಪತ್ರ.
5) ಕಾವಲುಗಾರ ಫಕ್ರುಸಾಬರ ತಕರಾರು (ಬರವಣಿಗೆಯಲ್ಲಿಲ್ಲ, ಆದರೆ ಎರಡೂ ದಂಡೆಗೆ ಕೇಳಿಸಿದೆ).

ಕಲಮು 1. ಹಾನಗಲ್ಲ, ಸವಣೂರು, ಶಿಗ್ಗಾಂವ, ಹಿರೇಕೆರೂರು ಈ ನಾಲ್ಕೂ ತಾಲೂಕುಗಳ ಜನ ಬುತ್ತಿ ಕಟ್ಟಿಕೊಂಡು ಬಂದು ನೋಡುವಂಥ ಸದರಿ ಸೇತುವೆಯ ಇತಿಹಾಸವನ್ನು ಎರಡು ಪುಟ ಮೀರದಂತೆ, ಹಾಗೆಯೇ ಎರಡು ಪುಟಕ್ಕೆ ಕಡಿಮೆಯಾಗದಂತೆ ಬರೆದು ಕಳುಹಿಸಲು ಮೇಲಿನ ಕಚೇರಿಯವರು ಅಪ್ಪಣೆ ಮಾಡಿರುತ್ತಾರೆ. ಅದರಂತೆ ದಾಖಲೆಗಳ ಶೋಧ ನಡೆಸಲಾಯಿತು. ಸೇತುವೆಯ ಮೂಲ ನಕ್ಷೆಯು ಹಂಸಭಾವಿಯ ಒಂದು ಅಂಗಡಿಯಲ್ಲಿ ಬೆಲ್ಲದ ಪೆಂಟೆಗೆ ಸುತ್ತಿದ ಸ್ಥಿತಿಯಲ್ಲಿ ದೊರೆತಿದ್ದು, ಅದರಲ್ಲಿ ಒಂದು ಗೋಪುರ ಮಾತ್ರ ಉಳಿದು ಇನ್ನೊಂದನ್ನು ಇರುವೆಗಳು ತಿಂದಿರುವುದು ಕಂಡುಬಂದಿದೆ. ಕಟ್ಟಿ ಉಳಿದ ಕಬ್ಬಿಣದ ಹಗ್ಗದ ಸುರುಳಿಯು ಶಿಗ್ಗಾಂವದ ಕಾಳಿನ ಪೇಟೆಯಲ್ಲಿದ್ದು, ಅದರ ಮೇಲೆ ಹಮಾಲರು ಕುಳಿತು ಎಲೆಅಡಿಕೆ ಹಾಕಿಕೊಳ್ಳುವುದರಿಂದ ಅವರನ್ನು ಎಬ್ಬಿಸಿ ಅದನ್ನು ತರಲು ಸಾಧ್ಯವಾಗಿಲ್ಲ. ಬೇರೆ ದಾಖಲೆಗಳಿಲ್ಲ.

ಕಲಮು 2. ದಾಖಲೆಗಳಿಲ್ಲದಿರುವುದಕ್ಕೆ ಕಾರಣವನ್ನು ಈ ಕೆಳಗಿನಂತೆ ಗುರುತಿಸಲಾಗಿದೆ. ಸೇತುವೆಯ ಕೆಲಸವು 1955ರಲ್ಲಿ ಮುಂಬಯಿ ಸರಕಾರದ ಆಡಳಿತದಲ್ಲಿ, ಹಾನಗಲ್ಲ ತಾಲೂಕಿಗೆ ಸೇರಿದ ಹೊಳೆಕೊಪ್ಪದ ದಂಡೆಯಿಂದ ಪ್ರಾರಂಭವಾಯಿತು. 1956ರ ನವೆಂಬರ್ ಒಂದನೆಯ ತಾರೀಖು ಬೆಳಗಾಗುವಷ್ಟರಲ್ಲಿ ನಾವೆಲ್ಲರೂ ಮೈಸೂರು ರಾಜ್ಯಕ್ಕೆ ಸೇರಿದ್ದೆವು. ಆಗ ನಲವತ್ತೇಳು ಹಲಗೆಗಳನ್ನು ಹೊದಿಸಿ ಕೆಲಸವು ನಟ್ಟ ನಡುಹೊಳೆಗೆ ಬಂದಿತ್ತು. ಹಳೆಯ ಕಚೇರಿಯವರು ತಮ್ಮ ಕಾಲದ ಕೆಲಸ ಮುಗಿಯಿತೆಂದು ಕಾಗದಗಳನ್ನು ಕಟ್ಟಿಕೊಂಡು ಹೋದರು. ಮೊದಲೇ ಪ್ರಾರಂಭವಾದದ್ದನ್ನು ಪುನಃ ಪ್ರಾರಂಭಿಸಲು ನಿಯಮವಿಲ್ಲವೆಂದು ಹೊಸ ಕಚೇರಿಯವರು ಕಡತ ತೆರೆಯಲಿಲ್ಲ. ಕೆಲಸದವರಿಗೆ ಇದನ್ನು ಯಾರೂ ತಿಳಿಸದ ಕಾರಣ ಅವರು ಸವಣೂರು ತಾಲೂಕಿಗೆ ಸೇರಿದ ಬೇವಿನಗಟ್ಟಿಯ ದಂಡೆಯಿಂದ ಉಳಿದ ನಲವತ್ತೇಳು ಹಲಗೆಗಳನ್ನು ಹೊದಿಸುತ್ತ ಬಂದು ಸೇತುವೆಯನ್ನು ಮುಗಿಸಿಬಿಟ್ಟರು. ಈ ತಪ್ಪಿಗೆ ಅವರನ್ನು ಕ್ಷಮಿಸಲಾಗಿದೆ.

ಮುಂಬಯಿಯ ಹಲಗೆಗೂ ಮೈಸೂರಿನ ಹಲಗೆಗೂ ನಡುವೆ ಮೊಳದಷ್ಟು ಸಂದು ಉಳಿದಿತ್ತು. ಆ ಸಂದಿನ ಬಗ್ಗೆ ಫಕ್ರುಸಾಬರ ಹೇಳಿಕೆಯನ್ನು ಇದ್ದದ್ದು ಇದ್ದಂತೆ ಬರೆದುಕೊಳ್ಳಲಾಯಿತು. ಇವರು ಹಿಂದೆ ಇದೇ ಕಡವಿನಲ್ಲಿ ಹರಗೋಲು ನಡೆಸುತ್ತಿದ್ದು, ಸದ್ಯ, ಕಾಯಂ ಆಗುವವರೆಗೆ, ತಾತ್ಪೂರ್ತಿಕ ಕಾವಲುಗಾರರಾಗಿರುತ್ತಾರೆ (ತಾತ್ಪೂರ್ತಿಕದ ಏಳನೆಯ ವರ್ಷ):

"ಈ ಕಡಿಯವ್ರು ನಮ್ಮದು ಮುಗೀತು ಅಂದ್ರು, ಆ ಕಡಿಯವ್ರು ನಮ್ಮದಿನ್ನಾ ಚಾಲೂನ ಆಗಿಲ್ಲ ಅಂದ್ರು. ಮಂದಿ ಮಂಗ್ಯಾನಂಗ ಜಿಗದು ಜಿಗದು ದಾಟಾಕತ್ತಿದ್ರು. ಬಸರ ಹೆಣ್ಮಕ್ಕಳು ಹೆಂಗ ಜಿಗೀತಾರ್ರಿ ಸಾಹೇಬ್ರ? ನನ್ನ ಮನಿ ಬಾಗಲಾ ಕಿತ್ತು ತಂದು ನಡಕ ಹಾಕಿದ್ನಿ. ಮನಿಗೆ? ಮನಿಗೆ ಗೋಣಿತಟ್ಟು ಕಟ್ಟೇನ್ರಿ. ಕಳ್ಳ ಬಂದ್ರರ ಏನ್ ಒಯ್ತಾನ? ಒಯ್ಯುವಂಥಾದ್ದು ಅಂದ್ರ ಆ ಬಾಗಲಾ ಒಂದ ಇತ್ತು."

ಸದರಿ ಬಾಗಿಲಿಗೆ 47½ ಎಂಬ ಸಂಖ್ಯೆಯನ್ನು ನೀಡಲಾಗಿದೆ. ಚಿಲಕವನ್ನು ತೆಗೆದಿಲ್ಲ. ಸೇತುವೆಗೆ ಕಡತವಿಲ್ಲದ ಕಾರಣ ಫಕ್ರುಸಾಬರ ಹೆಸರು ಹರಗೋಲಿನ ಕಡತದಲ್ಲೇ ಮುಂದುವರಿದಿದ್ದು, ಕಳೆದ ಏಳು ವರ್ಷಗಳಲ್ಲಿ ಸೇತುವೆಯ ಮೇಲೆ ನಡೆದು ಹೋದವರೆಲ್ಲರೂ, ಎತ್ತು ಎಮ್ಮೆ ಸಹಿತ, ಹರಗೋಲಿನಲ್ಲಿ ಕುಳಿತು ಹೋದರೆಂದು ತಿಳಿಯತಕ್ಕದ್ದು.

ಕಲಮು 3. ಬಾಲಿಕೆಯ ವಿಷಯ. 1957ರ ನಾಗರ ಪಂಚಮಿಯ ಹಗಲು, ಬೇವಿನಗಟ್ಟಿಯ ಸೊಸೆ ಸಾವಂತ್ರವ್ವ ಎಂಬವರು ಚೊಚ್ಚಲ ಹೆರಿಗೆಗೆಂದು ಹೊಳೆಕೊಪ್ಪದ ತವರಿಗೆ ಹೊರಟವರು, ತವರು ಮುಟ್ಟುವ ಮೊದಲೇ, 47½ನೇ ಹಲಗೆಯ ಮೇಲೆ ಹೆಣ್ಣು ಕೂಸಿಗೆ ಜನ್ಮ ನೀಡಿದರು. ಇದಕ್ಕೆ ಪೂರ್ವಾನುಮತಿ ಪಡೆದದ್ದು ಕಂಡುಬರುವುದಿಲ್ಲ. ಜೊತೆಗಿದ್ದ ಸೂಲಗಿತ್ತಿ ಮುದಕವ್ವನವರ ಹೇಳಿಕೆ:

"ನಡುವ ಹೋಗೂದ್ರಾಗ ನೋವು ಚಾಲೂ ಆತು. ಮುಂದ ಹೋಗಾಕ ಆಗವಲ್ದು, ಹಿಂದ ಬರಾಕ ಆಗವಲ್ದು. ಪಂಚಮಿ ಉಂಡಿ ಹೊತ್ಕೊಂಡು ಹೊಂಟಿದ್ದ ಹೆಣ್ಮಕ್ಕಳಿಗೆ ಅಂದ್ನಿ, ಎವ್ವಾ, ಉಂಡಿ ಕೆಳಗಿಡ್ರಿ, ನಾಕು ಮಂದಿ ಸೀರಿ ಮರಿ ಹಿಡೀರಿ, ಉಳದವ್ರು ಹಗ್ಗಾ ಹಿಡದು ಸಾವಕಾಶ ತೂಗ್ರಿ, ತೊಟ್ಟಿಲಾ ತೂಗಿದಂಗ. ತೂಗಿದ್ರು. ಕೂಸು ನಕ್ಕೋಂತ ಬಂದಂಗ ಬಂತು. ಈಗ ನೀ ಬಂದು ಯಾವ ತಾಲೂಕಂತ ಕೇಳ್ತೀಯಲ್ಲ, ಹೊಟ್ಯಾಗಿನ ಕೂಸು ತಾಲೂಕು ಕೇಳಿ ಬರ್ತೈತೇನೋ ತಮ್ಮಾ?"

ಕೊನೆಯ ಪ್ರಶ್ನೆಗೆ ಇಲಾಖೆಯ ಉತ್ತರವನ್ನು ಪ್ರತ್ಯೇಕವಾಗಿ ಕಳುಹಿಸಲಾಗುವುದು.

ಕಲಮು 4. ಅಂದಿನಿಂದ ಎರಡೂ ದಂಡೆಯ ಹೆಣ್ಣುಮಕ್ಕಳು ಪಂಚಮಿಗೆ ಗಿಡಕ್ಕೆ ಜೋಕಾಲಿ ಕಟ್ಟುವುದನ್ನು ಬಿಟ್ಟು, ಸೇತುವೆಯ ಮೇಲೆ ಸಾಲಾಗಿ ನಿಂತು ಸೇತುವೆಯನ್ನೇ ತೂಗುವ ರೂಢಿ ಹಾಕಿಕೊಂಡಿರುತ್ತಾರೆ. ಸದರಿ ಹೊಳೆವ್ವಳನ್ನು ನಡುವೆ ಬಾಗಿಲ ಮೇಲೆ ನಿಲ್ಲಿಸಿ, ಎಳ್ಳುಂಡಿ ಕೊಟ್ಟು, ಆಕೆಯ ವಯಸ್ಸಿನಷ್ಟು ಸಲ ತೂಗುವುದು ಪದ್ಧತಿ. ಈ ಸಲ ಆರು ತೂಗು ಬಾಕಿ ಇದೆ.

ಕಲಮು 5. ಹೊಳೆವ್ವಳಿಗೆ ಈ ಪಂಚಮಿಗೆ ಆರು ವರ್ಷ. ಕಳೆದ ತಿಂಗಳು ಆಕೆಯನ್ನು ಹೊಳೆಕೊಪ್ಪದ ಶಾಲೆಗೆ ಒಂದನೆಯ ಇಯತ್ತೆಗೆ ಸೇರಿಸಲಾಗಿದೆ. ಜನನ ದಾಖಲೆ ತರದ ಮಕ್ಕಳ ಹೆಸರನ್ನು ಜುಲೈ 31ಕ್ಕೆ ಹಾಜರಿಯಿಂದ ತೆಗೆಯಬೇಕೆಂದು ಶಾಲಾ ತಪಾಸಣೆಯವರ ಆದೇಶವಿದೆ. ದಾಖಲೆ ಕೊಡಬೇಕಾದ ಹೊಳೆಕೊಪ್ಪದ ತಲಾಟಿಯವರು, ಜನನದ ಸಮಯಕ್ಕೆ ಸೇತುವೆಯು ಬೇವಿನಗಟ್ಟಿಯ ಕಡೆಗೆ ತೂಗಿತ್ತೆಂದೂ, ಬೇವಿನಗಟ್ಟಿಯ ತಲಾಟಿಯವರು, ತೂಗಿದ್ದು ನಿಜವಾದರೂ ಕೂಸು ಬರುವಷ್ಟರಲ್ಲಿ ಹೊಳೆಕೊಪ್ಪದ ಕಡೆಗೆ ಮರಳಿತ್ತೆಂದೂ ಲಿಖಿತವಾಗಿ ತಿಳಿಸಿರುತ್ತಾರೆ. ಇಬ್ಬರೂ ಆ ದಿನ ಸ್ಥಳದಲ್ಲಿರಲಿಲ್ಲ.

ಕಲಮು 6. ಆದ್ದರಿಂದ, 47½ನೇ ಹಲಗೆಯು ಯಾವ ತಾಲೂಕಿನ ಮೇಲಿದೆ ಎಂಬುದನ್ನು ಅಳತೆ ಮಾಡಿ ಹೇಳುವ ಜವಾಬ್ದಾರಿ ಈ ಇಲಾಖೆಯ ಮೇಲೆ ಬಂದಿದ್ದು, ಅಳತೆಗೆ ಸೇತುವೆಯು ನಿಶ್ಚಲವಾಗಿರುವುದು ಅವಶ್ಯವಾದ್ದರಿಂದ, ಎರಡೂ ದಂಡೆಯ ಸಾರ್ವಜನಿಕರು ಈ ಕೆಳಗಿನ ನಿಯಮಗಳನ್ನು ಪಾಲಿಸಬೇಕೆಂದು ಕಟ್ಟುನಿಟ್ಟಾಗಿ ತಿಳಿಸತಕ್ಕದ್ದಾಗಿದೆ:

(ಅ) ಸೇತುವೆ ದಾಟುವವರು ಎಡಗಾಲನ್ನು ಎಷ್ಟು ಭಾರವಾಗಿ ಇಡುವರೋ ಬಲಗಾಲನ್ನೂ ಅಷ್ಟೇ ಭಾರವಾಗಿ ಇಡತಕ್ಕದ್ದು. ಕುಂಟುವವರು ಜೊತೆಗೆ ಇನ್ನೊಬ್ಬ ಕುಂಟುವವರನ್ನು ಕರೆತರತಕ್ಕದ್ದು. ಅವರ ಕುಂಟು ಕಾಲು ಇನ್ನೊಂದು ಬದಿಯದಾಗಿರಬೇಕು.

(ಆ) ಪಂಚಮಿಯ ಉಂಡಿಗಳನ್ನು ಎರಡೂ ಕೈಯಲ್ಲಿ ಸಮನಾಗಿ ಹಿಡಿದು ಹೋಗತಕ್ಕದ್ದು. ಬೆಸ ಸಂಖ್ಯೆಯ ಉಂಡಿ ಇದ್ದಲ್ಲಿ ಹೆಚ್ಚಿನ ಒಂದನ್ನು ದಂಡೆಯಲ್ಲೇ ತಿಂದು ಮುಗಿಸತಕ್ಕದ್ದು. ತಿಂದ ಉಂಡಿಯು ಹೊಟ್ಟೆಯ ಯಾವ ಬದಿಗಿದೆ ಎಂಬುದನ್ನು ಸದ್ಯ ವಿಚಾರಿಸಲಾಗುವುದಿಲ್ಲ.

(ಇ) ಸೇತುವೆಯ ಮೇಲೆ ನಗತಕ್ಕದ್ದಲ್ಲ. ನಗು ತಡೆಯಲಾಗದವರು ಮೂವರಿಗೆ ಮೀರದ ಗುಂಪಿನಲ್ಲಿ, ಸರದಿಯ ಪ್ರಕಾರ ನಗಬಹುದು.

(ಈ) ಹಾಡುತ್ತ ಹೋಗುವ ಹೆಣ್ಣುಮಕ್ಕಳು ತಾಳ ತಪ್ಪಿ ಹಾಡತಕ್ಕದ್ದು. ತಾಳ ತಪ್ಪದವರಿಗೆ ಈ ಇಲಾಖೆಯ ಸಿಬ್ಬಂದಿ ಹಾಡಿ ತೋರಿಸುವರು.

(ಉ) ಆಡು, ಕುರಿ, ಎಮ್ಮೆಗಳಿಗೆ ಈ ಸುತ್ತೋಲೆಯನ್ನು ಅವುಗಳ ಮಾಲೀಕರು ಓದಿ ಹೇಳತಕ್ಕದ್ದು. ಎಮ್ಮೆ ಕೇಳಿಸಿಕೊಂಡದ್ದಕ್ಕೆ ಮಾಲೀಕರು ಹೆಬ್ಬೆಟ್ಟು ಒತ್ತತಕ್ಕದ್ದು.

(ಊ) ಗಾಳಿಯು ಮುಂಜಾನೆ ಹತ್ತರಿಂದ ಸಂಜೆ ಐದರವರೆಗೆ ಬೀಸುವಂತಿಲ್ಲ. ಊಟದ ವೇಳೆಯಲ್ಲಿ ಸಡಿಲಿಕೆ ಇದೆ.

(ಋ) ತವರಿಗೆ ಹೊರಟ ಬಸುರಿ ಹೆಣ್ಣುಮಕ್ಕಳು ಒಂದು ತಾಲೂಕನ್ನು ಆರಿಸಿಕೊಂಡು, ಆರಿಸಿದ ತಾಲೂಕನ್ನು ಕಾವಲುಗಾರರಿಗೆ ತಿಳಿಸಿ ಮುಂದುವರಿಯತಕ್ಕದ್ದು.

(ೠ) ಇದೇ 25ರ ಪಂಚಮಿಯಂದು ಸೇತುವೆಯನ್ನು ತೂಗುವುದನ್ನು ಸಂಪೂರ್ಣ ನಿಷೇಧಿಸಲಾಗಿದೆ. ಬಾಕಿ ಇರುವ ಆರು ತೂಗನ್ನು ಅರ್ಜಿ ನಮೂನೆಯಲ್ಲಿ ಬರೆದುಕೊಡತಕ್ಕದ್ದು.

ಕಲಮು 7. ಮೇಲಿನ ನಿಯಮಗಳನ್ನು ಪರೀಕ್ಷಿಸಲೆಂದು ದಿನಾಂಕ 3ರಂದು ನಲವತ್ತು ಮಂದಿ ಹೆಣ್ಣುಮಕ್ಕಳಿಗೆ ಹಗ್ಗ ಹಿಡಿಸಿ ನಿಲ್ಲಿಸಿ ಸೇತುವೆಯನ್ನು ನಿಶ್ಚಲಗೊಳಿಸಲಾಯಿತು. ಅಷ್ಟರಲ್ಲಿ ಫಕ್ರುಸಾಬರು, "ಏ ಯವ್ವಾರ, ಗಟ್ಟಿ ಹಿಡೀರಿ, ಸರಕಾರ ಜೋಲಿ ತಪ್ಪಾಕತ್ತೈತಿ!" ಎಂದು ಕೂಗಿದ್ದರಿಂದ ನಿಯಮ (ಇ) ಏಕಕಾಲಕ್ಕೆ ನಲವತ್ತು ಸಲ ಉಲ್ಲಂಘನೆಯಾಗಿ, ಅಳತೆಯ ಅಧಿಕಾರಿಗಳು ಬಾಗಿಲ ಚಿಲಕ ಹಿಡಿದುಕೊಂಡು ಕುಳಿತರು. ಎರಡನೆಯ ಪ್ರಯತ್ನದಲ್ಲಿ ಗುಂಡು ಕಟ್ಟಿದ ದಾರವನ್ನು ಹಲಗೆಯಿಂದ ಇಳಿಬಿಟ್ಟು ನೋಡಲಾಗಿ, ಹಲಗೆಯ ಕೆಳಗೆ ಇರುವುದು ನೀರು ಎಂದು ಸಾಬೀತಾಯಿತು. ನೀರಿಗೆ ಸರ್ವೆ ನಂಬರು ಇರುವುದಿಲ್ಲ. ಆದುದರಿಂದ ಸದರಿ ಹೊಳೆವ್ವ ಯಾವ ತಾಲೂಕಿನಲ್ಲಿಯೂ ಹುಟ್ಟಿರುವುದಿಲ್ಲವೆಂದೂ, ಜುಲೈ 31ರಂದು ಆಕೆಯ ಹೆಸರನ್ನು ತೆಗೆಯಲು ಈ ಇಲಾಖೆಯ ಅಭ್ಯಂತರವಿಲ್ಲವೆಂದೂ ಈ ಮೂಲಕ

ಕಲಮು 8. ಮೇಲಿನ ವಾಕ್ಯದವರೆಗೆ ಸ್ಟೆನ್ಸಿಲ್ ಕೊರೆದಾದ ಮೇಲೆ ಹೊಳೆಕೊಪ್ಪ ಶಾಲೆಯ ಮುಖ್ಯ ಶಿಕ್ಷಕಿ ಇಂದಿರಾಬಾಯಿಯವರ ಪತ್ರ ಬಂದಿರುತ್ತದೆ. ಸ್ಟೆನ್ಸಿಲ್ ವ್ಯರ್ಥ ಮಾಡುವಂತಿಲ್ಲವಾದ್ದರಿಂದ ಕಲಮು 1ರಿಂದ 7ನ್ನು ಹಾಗೆಯೇ ಇಟ್ಟು ಮುಂದುವರಿಸಲಾಗಿದೆ. ಪತ್ರದ ಮುಖ್ಯ ಭಾಗ:

"ನಮ್ಮ ಶಾಲೆಯ ದಾಖಲಾತಿ ಪುಸ್ತಕದ 212ನೆಯ ಸಾಲಿನಲ್ಲಿ ಹೊಳೆವ್ವಳ ಹೆಸರು ಅದ. ಹುಟ್ಟಿದ ಸ್ಥಳ ಅನ್ನೋ ಕಾಲಮಿನಲ್ಲಿ 'ವರದಾ ಹೊಳೆಯ ತೂಗು ಸೇತುವೆ, ಫಕ್ರುಸಾಬರ ಬಾಗಿಲ ಮೇಲೆ' ಅಂತ ಶಾಯಿಯಲ್ಲಿ ಬರೆದು ಸಹಿ ಮಾಡೇನಿ. ತಪಾಸಣೆಗೆ ಬಂದವರೂ ಅದನ್ನು ಓದದೆ ಕೆಳಗೆ ಶಿಕ್ಕಾ ಒತ್ತಿ ಹೋಗ್ಯಾರ. ಹುಡುಗಿ ಇಷ್ಟು ದಿನದಾಗ 'ಳ' ತನಕ ಬಂದಾಳ, ಅಲ್ಲಿಂದ ಹಿಂದ ಕಳಸೂದಿಲ್ಲ. ನಾನಂತೂ ಹೆಸರು ಹೊಡೆದು ಹಾಕೂದಿಲ್ಲ. ಹಾಕಲೇಬೇಕಂದ್ರ ನೀವೇ ಬರ್ರಿ. ಆದ್ರ ಬರಬೇಕಾದ್ರ ಅದೇ ಸೇತುವೆ ದಾಟಿ, ಅದೇ ಬಾಗಿಲು ತುಳಿದು ಬರಬೇಕಾಗ್ತದ. ಅದು ಇಲ್ಲ ಅಂತೀರೋ, ಅದ ಅಂತೀರೋ, ಬರೂವಾಗ ವಿಚಾರ ಮಾಡ್ಕೋತ ಬರ್ರಿ."

ಕಲಮು 9. ಪತ್ರದಲ್ಲಿ ಸೂಚಿಸಿದಂತೆ ವಿಚಾರ ಮಾಡಲಾಯಿತು. ಮುಂಬಯಿ, ಮೈಸೂರು ಎರಡೂ ಸರಕಾರಗಳ ಸಮಸ್ತ ಕಾಗದಪತ್ರಗಳಲ್ಲಿ ಸದರಿ ಸೇತುವೆ ಇದೆ ಎಂದು ಸಹಿ ಶಿಕ್ಕಾ ಸಹಿತ ಹೇಳುವ ದಾಖಲೆ ಒಂದೇ ಒಂದಿದ್ದು, ಅದು ಶಾಲೆಯ 212ನೆಯ ಸಾಲು ಎಂಬುದು ಇಲಾಖೆಯ ಗಮನಕ್ಕೆ ಬಂದಿದೆ. ಆ ಸಾಲನ್ನು ತೆಗೆದರೆ ಸೇತುವೆ ಇಲ್ಲವಾಗುವುದು. ಸೇತುವೆ ಇಲ್ಲವಾದರೆ ಆ ಗಳಿಗೆಯಲ್ಲಿ ಅದರ ಮೇಲಿರುವವರೆಲ್ಲ ನಿಯಮದ ಪ್ರಕಾರ ನೀರಿನಲ್ಲಿರುವರು. ಈ ಸುತ್ತೋಲೆಗೆ ಸಹಿ ಮಾಡುವ ಅಧಿಕಾರಿಯ ಮನೆ ಹೊಳೆಕೊಪ್ಪದಲ್ಲಿದ್ದು, ಅವರು ದಿನಾ ಸಂಜೆ ಐದೂವರೆಗೆ ಸೇತುವೆಯ ಮೇಲಿರುತ್ತಾರೆ.

ಕಲಮು 10. ಆದ ಕಾರಣ ಈ ಕೆಳಗಿನಂತೆ ಆದೇಶಿಸಿದೆ:

ಹೊಳೆವ್ವಳ ಹೆಸರನ್ನು ಜುಲೈ 31ಕ್ಕಾಗಲಿ, ಆಮೇಲಾಗಲಿ, ಯಾರೂ ತೆಗೆಯತಕ್ಕದ್ದಲ್ಲ. ಇಬ್ಬರೂ ತಲಾಟಿಯವರು ಆಕೆಯ ಜನನವನ್ನು ತಮ್ಮ ತಮ್ಮ ಪುಸ್ತಕದಲ್ಲಿ ಅರ್ಧರ್ಧ ಬರೆದುಕೊಳ್ಳದೆ, ಇಡಿಯಾಗಿ, ಇಬ್ಬರೂ ಬರೆದುಕೊಳ್ಳತಕ್ಕದ್ದು.

ಮೇಲಿನ ಕಚೇರಿಗೆ ಕಳುಹಿಸಬೇಕಾದ ಎರಡು ಪುಟದ ಇತಿಹಾಸಕ್ಕೆ ಬದಲಾಗಿ ಸದರಿ ಸಾಲಿನ ನಕಲನ್ನು ಕಳುಹಿಸತಕ್ಕದ್ದು. ಎರಡನೆಯ ಪುಟವನ್ನು ಖಾಲಿ ಬಿಡತಕ್ಕದ್ದು. ಸೇತುವೆಗೆ ಸರಕಾರ ಮಾಡಿದ್ದನ್ನು ಅದರಲ್ಲಿ ಬರೆಯಲಾಗಿದೆ ಎಂದು ತಿಳಿಯತಕ್ಕದ್ದು.

ಕಲಮು 6ರ ನಿಯಮಗಳನ್ನು, (ಈ) ಹೊರತುಪಡಿಸಿ, ರದ್ದುಪಡಿಸಲಾಗಿದೆ. (ಈ) ಪ್ರಕಾರ ಸಿಬ್ಬಂದಿಯು ಹಾಡುವುದನ್ನು ನಿಲ್ಲಿಸಲು ಸಾಧ್ಯವಾಗಿಲ್ಲ.

ತೂಗುವಂಥದ್ದು ಇದ್ದರೆ ಮಾತ್ರ ತೂಗಲು ಬರುವುದರಿಂದ, ಸೇತುವೆ ಇದೆ ಎಂಬುದಕ್ಕೆ ಎರಡನೆಯ ಪುರಾವೆಯಾಗಿ, ಇದೇ 25ರಂದು ಎರಡೂ ದಂಡೆಯ ಹೆಣ್ಣುಮಕ್ಕಳು ಸೇತುವೆಯನ್ನು ಕಡ್ಡಾಯವಾಗಿ ಆರು ಸಲ ತೂಗತಕ್ಕದ್ದು. ಏಳನೆಯದನ್ನು ಫಕ್ರುಸಾಬರ ಏಳು ತಾತ್ಪೂರ್ತಿಕ ವರ್ಷಗಳ ಲೆಕ್ಕದಲ್ಲಿ ತೂಗಲು ಅಡ್ಡಿಯಿಲ್ಲ. ಅದಾದ ಮೇಲೆ ಅವರನ್ನು ಕಾಯಂ ಎಂದು ಕರೆಯತಕ್ಕದ್ದು, ಮತ್ತು ಅವರ ಮನೆಗೆ ಇಲಾಖೆಯ ವತಿಯಿಂದ ಹೊಸ ಬಾಗಿಲೊಂದನ್ನು ಕೂಡ್ರಿಸತಕ್ಕದ್ದು. ಹಳೆಯ ಬಾಗಿಲನ್ನು ಅವರು ಮರಳಿ ಕೇಳುವುದಿಲ್ಲವೆಂದು ತಿಳಿಸಿರುತ್ತಾರೆ.

(ಸಹಿ, ಸೇತುವೆಯ ಮೇಲೆ ಮಾಡಿದ್ದರಿಂದ ಅಲುಗಾಡಿದೆ)
ಇಲಾಖೆಯ ಪರವಾಗಿ

ಪ್ರತಿಗಳು:
1) ಮೇಲಿನ ಕಚೇರಿಗೆ, ಮೂರೂ ಪತ್ರಗಳಿಗೆ ಒಂದೇ ಉತ್ತರವಾಗಿ.
2) ಹೊಳೆಕೊಪ್ಪ ಮತ್ತು ಬೇವಿನಗಟ್ಟಿಯ ತಲಾಟಿಯವರಿಗೆ, ಒಬ್ಬರ ಪ್ರತಿಯನ್ನು ಇನ್ನೊಬ್ಬರಿಗೆ ದಾಟಿಸದಂತೆ ಸೂಚನೆಯೊಡನೆ.
3) ಫಕ್ರುಸಾಬರಿಗೆ, ಹೊಸ ಬಾಗಿಲಿಗೆ ಅಂಟಿಸುವ ಸಲುವಾಗಿ.
4) ಮುದಕವ್ವನವರಿಗೆ, ಅವರ ಪ್ರಶ್ನೆಗೆ ಉತ್ತರ: ಇಲ್ಲ, ಕೇಳಿ ಬರುವುದಿಲ್ಲ.
5) ಹಂಸಭಾವಿಯ ಬೆಲ್ಲದ ಅಂಗಡಿಗೆ, ನಕ್ಷೆಯನ್ನು ಇನ್ನು ಇರುವೆಗಳಿಗೆ ಬಿಟ್ಟುಕೊಡಬಹುದೆಂದು.
6) ಕಡತಕ್ಕೆ, ಕಡತ ತೆರೆದ ಮೇಲೆ.
7) ಕು. ಹೊಳೆವ್ವ, ಒಂದನೆಯ ಇಯತ್ತೆ, ಇವಳಿಗೆ. ಯಾರೂ ಓದಿ ಹೇಳತಕ್ಕದ್ದಲ್ಲ. ಬರುವ ವರ್ಷದ ಪಂಚಮಿಯೊಳಗೆ ತಾನೇ ಓದಿಕೊಳ್ಳುವಳು.