ಚಿಕ್ಕಪ್ಪ ತಿದ್ದಿದ ಕನ್ನಡ

ನಮ್ಮ ಚಿಕ್ಕಪ್ಪ ಸ್ವರ್ಗದ ಬಾಗಿಲವರೆಗೆ ಹೋದರೂ ಒಳಗೆ ಹೋಗಲಾರರು. ಬೋರ್ಡಿನಲ್ಲಿ ಒಂದು ಕಾಗುಣಿತ ತಪ್ಪಿದ್ದರೆ ಸಾಕು, ತಿದ್ದುತ್ತಾ ಹೊರಗೇ ನಿಂತುಬಿಡುತ್ತಾರೆ! ಪರ್ತ್‌ನಲ್ಲಿ ಅವರು ಪುರೋಹಿತರು. ಬ್ರಿಸ್ಬೇನ್, ಅಡಿಲೇಡಿನ ಕನ್ನಡಿಗರೂ ಪೂಜೆಗೆ ಅವರನ್ನೇ ಕರೆಸಿಕೊಳ್ಳುತ್ತಾರೆ.

ಎಲ್ಲರ ಕನ್ನಡವನ್ನೂ ಒಂದೇ ಮಾಡುವ ಹುಚ್ಚು ಹಿಡಿಸಿದ್ದು ಪರ್ತ್‌ನ ಮೋರ್ಲಿ ಬಡಾವಣೆಯಲ್ಲಿ ಅವರ ಪಕ್ಕದ ಮನೆಯ ಸ್ಲೊವಾಕ್ ಅಜ್ಜಿ. ಇನ್ನೂರು ವರ್ಷಕ್ಕೂ ಹಿಂದೆ ಆಕೆಯ ನಾಡಿನಲ್ಲಿ ಊರಿಗೊಂದು ಬಗೆಯ ಮಾತಿತ್ತಂತೆ. ಒಬ್ಬ ಪಾದ್ರಿ ವ್ಯಾಕರಣ ಬರೆದು, ನಿಘಂಟು ಕಟ್ಟಿ, ಬರಹಕ್ಕೆ ಒಂದೇ ರೂಪ ಕೊಟ್ಟರಂತೆ. ಅಜ್ಜಿ ಬೇಲಿಯಾಚೆಯಿಂದ ಇಷ್ಟು ಹೇಳಿದ್ದೇ ತಡ, ಚಿಕ್ಕಪ್ಪನ ಫೋನ್ ಬಂತು.

"ಪಾದ್ರಿ ಕೈಲಿ ಆಗಿದ್ದು ಪುರೋಹಿತನ ಕೈಲಿ ಆಗಲ್ವೇನೇ? ಇಲ್ಲಿನ ಮಕ್ಕಳಿಗೆಲ್ಲ ಒಂದೇ ಕನ್ನಡ ಮಾಡ್ತೀನಿ!"

"ಚಿಕ್ಕಪ್ಪ, ಅವು ಇಂಗ್ಲಿಷಲ್ಲೇ ಉತ್ತರ ಕೊಡೋದು."

"ನೀವು ಹತ್ತು ಥರ ಆಡಿದ್ರೆ ಅವು ಇನ್ನೇನು ಮಾಡ್ತವೆ?"

ಬ್ರಿಸ್ಬೇನಿನ ಗೃಹಪ್ರವೇಶದಲ್ಲಿ ಅಕ್ಕಿ ಚೆಲ್ಲಿತು. ಮೈಸೂರಿನ ಅತ್ತೆ "ಪೊರಕೆ ತಾ" ಎಂದರು. ಧಾರವಾಡದ ಸೊಸೆ "ಕಸಬರಿಗಿ ಎಲ್ಲೈತ್ರಿ?" ಎಂದಳು. ಚಿಕ್ಕಪ್ಪ ಹೋಮ ನಿಲ್ಲಿಸಿಬಿಟ್ಟರು! "ಯಾವುದು ಸರಿ ಅಂತ ಮೊದಲು ತೀರ್ಮಾನ ಆಗ್ಲಿ." ವಾದ ಶುರುವಾಯಿತು, ಹೊಗೆ ತುಂಬಿತು, ಅಲಾರಂ ಕಿರುಚಿತು. ಅಗ್ನಿಶಾಮಕ ದಳದವರು ಬಂದಾಗಲೂ ತೀರ್ಮಾನ ಆಗಿರಲಿಲ್ಲ.

ಇನ್ನೊಮ್ಮೆ ಪರ್ತ್‌ನಲ್ಲೇ ಬೆಂಟ್ಲಿ ಬಡಾವಣೆಯ ಕಡೆ ಚಿಕ್ಕಪ್ಪನನ್ನು ಕೂರಿಸಿಕೊಂಡು ಕಾರು ಓಡಿಸುತ್ತಾ ನಾನು, "ಪೆಟ್ರೋಲ್ ಮುಗೀತಿದೆ, ಸರ್ವೋ ಕಂಡ್ರೆ ಹೇಳಿ" ಎಂದೆ. ಪೆಟ್ರೋಲ್ ಬಂಕಿಗೆ ಇಲ್ಲಿ ಎಲ್ಲರೂ ಹಾಗೇ ಅನ್ನುವುದು.

"ಅದು ಕನ್ನಡ ಅಲ್ಲ. ಎಣ್ಣೆಕಟ್ಟೆ ಅನ್ನು."

ನಾನು ಅನ್ನಲಿಲ್ಲ. ಕಾರು ನಿಂತಿತು. ಚಿಕ್ಕಪ್ಪ ನೆಮ್ಮದಿಯಾಗಿ ಹೇಳಿದರು: "ಎರಡು ಎಣ್ಣೆಕಟ್ಟೆ ಹಿಂದೆ ಹೋಯ್ತು. ನೀನು ಸರಿಯಾಗಿ ಕೇಳಲಿಲ್ಲ!"

ಆಮೇಲೆ ಅಜ್ಜಿ ಕತೆಯ ಉಳಿದರ್ಧ ಹೇಳಿದರು. ನಿಘಂಟು ಅಚ್ಚಾಗುವ ಹೊತ್ತಿಗೆ ಪಾದ್ರಿಯೇ ಬದುಕಿರಲಿಲ್ಲ. ಮುಂದೆ ಜನ ಬೇರೊಬ್ಬರು ಕೊಟ್ಟ ರೂಪವನ್ನು ಒಪ್ಪಿಕೊಂಡರು. ಚಿಕ್ಕಪ್ಪ ಎರಡು ದಿನ ಯಾರನ್ನೂ ತಿದ್ದಲಿಲ್ಲ. ನಾವು ಗಾಬರಿಯಾಗಿ ಜ್ವರ ನೋಡಿದೆವು.

ಕಳೆದ ತಿಂಗಳು ಅಡಿಲೇಡಿನಲ್ಲಿ ಒಬ್ಬ ಡಾಕ್ಟರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ನಾನೂ ಜೊತೆಗೆ ಹೋಗಿದ್ದೆ. ಬಾಗಿಲಲ್ಲೇ ಡಾಕ್ಟರ ತಾಯಿ, "ಹ್ವಾಯ್ ಭಟ್ರೆ, ಬನಿ, ಕೂಕಣಿ" ಎಂದರು. ಅಪ್ಪಟ ಕುಂದಾಪುರದ ಕನ್ನಡ! ಮುಗಿಯಿತು ಈ ತಾಯಿಯ ಕತೆ ಎಂದು ನಾನು ನಗು ತಡೆದುಕೊಂಡೆ.

ಚಿಕ್ಕಪ್ಪ ತಿದ್ದಲಿಲ್ಲ, ಕೂರಲೂ ಇಲ್ಲ.

"ಇನ್ನೊಂದ್ಸಲ ಹೇಳ್ತೀರಾ?" ಎಂದರು.

ಆಕೆ ನಗುತ್ತಾ ಹೇಳಿದರು. ಚಿಕ್ಕಪ್ಪ ಶಲ್ಯದಲ್ಲಿ ಕಣ್ಣೊರೆಸಿಕೊಂಡರು.

ವಾಪಸು ಬರುವಾಗ ವಿಮಾನದಲ್ಲಿ ಮೆಲ್ಲಗೆ ಹೇಳಿದರು:

"ನಿನ್ನ ಚಿಕ್ಕಮ್ಮ ಮದುವೆಯಾಗಿ ಬಂದಾಗ ಆ ಕುಂದಾಪುರದ ಅಮ್ಮನ ಹಾಗೇ ಮಾತಾಡ್ತಿದ್ಳು. ನಾನು ತಿದ್ದಿದೆ. ವರ್ಷದೊಳಗೆ ಥೇಟ್ ನನ್ನ ಥರಾನೇ ಆಡೋದು ಕಲಿತ್ಬಿಟ್ಳು. ಅವಳು ಹೋಗಿ ಆರು ವರ್ಷ ಆಯ್ತಲ್ಲ, ಅವಳ ಮಾತು ನೆನಪು ಮಾಡ್ಕೊಳ್ಳೋಣ ಅಂತ ಕೂತ್ರೆ, ನನ್ನ ಕನ್ನಡವೇ ಕೇಳಿಸತ್ತೆ ಕಣೆ. ಅವಳದ್ದು ಕೇಳಿಸೋದೇ ಇಲ್ಲ."