ರೇಷ್ಮೆ ಎಳೆಯದ ಉಂಗುರ

ನಾನು ತಮಾಷೆ ಮಾಡುವವಳಲ್ಲ. ಆದರೆ ನಾನು ಹಠ ಹಿಡಿದ ಕಡೆಯಲ್ಲೆಲ್ಲ ಸುತ್ತಲಿನವರು ನಗುವಂಥದ್ದೇನಾದರೂ ನಡೆದೇ ತೀರುತ್ತದೆ. ನನ್ನ ನಿಶ್ಚಿತಾರ್ಥವೂ ಅದಕ್ಕೆ ಹೊರತಾಗಲಿಲ್ಲ.

ಷರತ್ತು

ಕ್ಯಾಲಿಫೋರ್ನಿಯಾದ ಮಿಲ್ಪಿಟಾಸಿನಲ್ಲಿ ನನ್ನದೊಂದು ಬ್ಲೌಸ್ ಹೊಲಿಯುವ ಅಂಗಡಿಯಿದೆ. ಹುಬ್ಬಳ್ಳಿಯಿಂದ ಬರುವಾಗ ಕೈಕೆಲಸ ಬಿಟ್ಟು ಬೇರೆ ಬಂಡವಾಳ ಇರಲಿಲ್ಲ; ಇಂಗ್ಲಿಷನ್ನೂ ಇಲ್ಲಿನ ಲೈಬ್ರರಿಯಲ್ಲಿ ಕೂತು ನಾನೇ ಓದಿ ಕಲಿತೆ. ಉಡುಪಿ ಕಡೆಯ ಒಬ್ಬ ಇಂಜಿನಿಯರು, ಹೆಂಡತಿಯನ್ನು ಕಳೆದುಕೊಂಡವರು, ಮಗಳ ಲೆಹೆಂಗಾ ಹೊಲಿಸಲು ಬಂದರು. ಲೆಹೆಂಗಾ ಮುಗಿದ ಮೇಲೂ ಬರುತ್ತಲೇ ಇದ್ದರು. ಕೊನೆಗೊಂದು ದಿನ ಧೈರ್ಯ ಮಾಡಿ ಕೇಳಿದರು. ಐವತ್ತು ದಾಟಿದ ನಾನು ನಾಚದೆ ಒಪ್ಪಿದೆ.

"ಹಾಗಾದ್ರೆ ಒಂದು ವಜ್ರದುಂಗುರ ತೆಗೆಯುವ. ಇಲ್ಲಿ ಅದೇ ಕ್ರಮ ಅಲ್ವಾ?" ಅಂದರು.

"ತಗೋರಿ. ಆದ್ರ ಕಲ್ಲು ಹಿಡಿಯೋ ಉಗುರು ರೇಷ್ಮಿ ಎಳೀಬಾರದು. ಎಳಿಯೋ ಉಂಗುರ ತಂದ್ರ ನಾ ನಿಶ್ಚಯಕ್ಕ ಬರೂದಿಲ್ಲ."

ಕಲ್ಲನ್ನು ಸುತ್ತಲೂ ಹಿಡಿದಿರುವ ಸಣ್ಣ ಕಂಬಿಗಳಿಗೆ ಇಲ್ಲಿನ ಅಂಗಡಿಯವರು ಪ್ರಾಂಗ್ ಅನ್ನುತ್ತಾರೆ, ನನಗದು ಉಗುರು. ಹೊಲಿಯುವ ಕೈಗೆ ಅದೇ ಶತ್ರು.

"ಹೊಲಿಯುವಾಗ ಬಿಚ್ಚಿಟ್ರೆ ಆಯ್ತಲ್ಲ."

"ಮದುವಿ ಸಲುವಾಗಿ ಹೊಲಿಗಿ ಬಿಡಾಕಿ ಅಲ್ಲ ನಾ. ಹೊಲಿಗಿ ಸಲುವಾಗಿ ಉಂಗುರ ಬಿಚ್ಚಾಕಿನೂ ಅಲ್ಲ."

ಅವರು, "ಲೆಹೆಂಗಾ ರೆಡಿಮೇಡ್ ತಗೊಂಡಿದ್ರೆ ಇಷ್ಟೆಲ್ಲ ಇರ್ಲಿಲ್ಲ" ಅಂದರು.

ಇಂಟರ್‌ವ್ಯೂ

ಓದದೆ ನಾನು ಯಾವ ಅಂಗಡಿಗೂ ಹೋಗುವುದಿಲ್ಲ. ಹರಳು ಕೂರಿಸುವ ಬಗ್ಗೆ ಲೈಬ್ರರಿಯಲ್ಲಿ ಸಿಕ್ಕಿದ್ದನ್ನೆಲ್ಲ ಓದಿಕೊಂಡೇ ಸ್ಯಾನ್ ಹೊಸೆಯ ಆಭರಣದಂಗಡಿಯ ಮೆಟ್ಟಿಲು ಹತ್ತಿದೆ. ಮಾರುವ ಹುಡುಗಿ ನಾಲ್ಕು ಉಗುರಿನ ಎತ್ತರದ ಉಂಗುರ ತೋರಿಸಿ, ಇದರಲ್ಲಿ ಕಲ್ಲು ಚೆನ್ನಾಗಿ ಕಾಣುತ್ತದೆ ಅಂದಳು. ನಾಲ್ಕರಲ್ಲಿ ಒಂದು ಸಡಿಲಾದರೆ ಕಲ್ಲೇ ಹೋಯಿತು, ಆರಿದ್ದರೆ ಐದು ಕಾಯುತ್ತವೆ, ತುದಿ ದುಂಡಗಿರಬೇಕು, ಕಲ್ಲಿಗೆ ಅಂಟಿಕೊಂಡಿರಬೇಕು ಎಂದು ನಾನು ಶುರು ಮಾಡಿದೆ. ಅವಳು ಮ್ಯಾನೇಜರನ್ನು ಕರೆದಳು. ಆತ ಕೈಕಟ್ಟಿ ನಿಂತು ಪೂರ್ತಿ ಕೇಳಿ, "ಮೇಡಂ, ಕೆಲಸದ ಇಂಟರ್‌ವ್ಯೂ ಇರೋದು ಮಧ್ಯಾಹ್ನ, ನೀವು ಬೇಗ ಬಂದಿದ್ದೀರಿ" ಅಂದ.

ಜೊತೆಗೆ ಬಂದಿದ್ದ ನಮ್ಮವರು, "ಇಂಟರ್‌ವ್ಯೂ ಅವರದ್ದಲ್ಲ, ನನ್ನದು. ಬೆಳಿಗ್ಗೆಯಿಂದ ನಡೀತಾ ಉಂಟು" ಅಂದರು.

ಚಿಂದಿ

ಮುಂದಿನ ಶನಿವಾರ ಅಂಗಡಿಯ ಚಿಂದಿಬುಟ್ಟಿಯಿಂದ ಮೈಸೂರು ರೇಷ್ಮೆ, ಶಿಫಾನ್, ಇಳಕಲ್ ತುಂಡುಗಳನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ಒಂದೊಂದು ಉಂಗುರವನ್ನೂ ತುಂಡಿನ ಮೇಲೆ ಎಳೆದು ನೋಡಿದೆ. ಎಲ್ಲವೂ ದಾರ ಕಿತ್ತವು. ಪಕ್ಕದಲ್ಲಿ ಒಬ್ಬ ಹುಡುಗಿ ತನ್ನ ಹುಡುಗನ ಜೊತೆ ಉಂಗುರ ಆರಿಸಿ ಮುಗಿಸಿದ್ದಳು. "ಆಂಟಿ, ಒಂದು ಪೀಸ್ ಕೊಡ್ತೀರಾ?" ಅಂದಳು. ಕೊಟ್ಟೆ. ಅವಳದೂ ಶಿಫಾನಿಗೆ ಸಿಕ್ಕಿಕೊಂಡಿತು. ಬೇಡ ಎಂದು ಬಿಚ್ಚಿಟ್ಟಳು.

ಹುಡುಗ ಕಾರ್ಡು ಹಿಡಿದುಕೊಂಡೇ ನಮ್ಮವರತ್ತ ತಿರುಗಿ, "ಅಂಕಲ್, ಇವರನ್ನ ಯಾಕೆ ಕರ್ಕೊಂಡು ಬಂದ್ರಿ?" ಅಂದ.

"ನಾನೆಲ್ಲಿ ಕರ್ಕೊಂಡು ಬಂದೆ ಮಾರಾಯಾ? ನಾನೇ ಅವರ ಚೀಲ ಹಿಡ್ಕೊಂಡು ಬಂದದ್ದು" ಎಂದು ಕಾರು ತರುವ ನೆಪದಲ್ಲಿ ಹೊರಗೆ ನಡೆದರು.

ನಾನು ಬೇಗ ಹೊರಟರೆ ಸಾಕೆಂದು ಮ್ಯಾನೇಜರು ಗಾಜಿನ ಕಲ್ಲು ಕೂರಿಸಿದ ಮಾದರಿ ಉಂಗುರವೊಂದನ್ನು ಕೊಟ್ಟ: ತಗ್ಗಾಗಿ ಕೂತ ಆರು ಉಗುರು. "ಮನೆಯಲ್ಲೇ ಪರೀಕ್ಷೆ ಮಾಡಿ, ದಯವಿಟ್ಟು" ಅಂದ.

ಆಗಿ ಬಂದ ಕಲ್ಲು

ವಾರವಿಡೀ ಅದನ್ನು ಹಾಕಿಕೊಂಡೇ ಹೊಲಿದೆ. ಒಂದು ಎಳೆಯೂ ಜಗ್ಗಲಿಲ್ಲ. "ಇದನ್ನ ಪಕ್ಕಾ ಮಾಡ್ರಿ" ಎಂದು ನಮ್ಮವರ ಕೈಗೆ ಕೊಟ್ಟು ಅಂಗಡಿಗೆ ಕಳಿಸಿದೆ. ಆಮೇಲೆ ಸುದ್ದಿಯೇ ಇಲ್ಲ. ಫೋನು ಮಾಡಿದರೆ ಅವರ ಮಗಳು, "ಆಂಟಿ, ರಿಂಗು ದೇವರ ರೂಮಲ್ಲಿದೆ. ಡ್ಯಾಡ್ ಈಸ್ ಟೆಸ್ಟಿಂಗ್ ಇಟ್" ಅಂದಳು.

ಹೋಗಿ ನೋಡಿದರೆ ಕೃಷ್ಣನ ಮುಂದೆ ಬೆಳ್ಳಿ ಬಟ್ಟಲಲ್ಲಿ ಅದೇ ಮಾದರಿ ಉಂಗುರ, ಮೇಲೊಂದು ದಾಸವಾಳ.

"ನಮ್ಮಲ್ಲಿ ವಜ್ರವನ್ನು ಹಾಗೇ ತಗೊಳ್ಳುದಿಲ್ಲ. ಆಗಿ ಬರ್ತದಾ ಅಂತ ಇಟ್ಟು ನೋಡ್ಬೇಕು. ಬಂತು. ಮಂಡಿ ನೋವು ಹೋಯ್ತು. ಕಾರು ಹೊಗೆಯ ಸ್ಮಾಗ್ ಟೆಸ್ಟಲ್ಲಿ ಪಾಸಾಯ್ತು. ಮಗಳು ನಿನ್ನೆ ನನ್ನ ಹತ್ರ ಕನ್ನಡದಲ್ಲಿ ಜಗಳ ಆಡಿದ್ಲು."

"ಅದು ಗಾಜುರೀ."

ಅವರು ದಾಸವಾಳ ಸರಿಸಿ ಉಂಗುರವನ್ನು ಕೈಗೆತ್ತಿಕೊಂಡರು. ಆಮೇಲೆ, "ಗಾಜೇ ಇಷ್ಟು ಮಾಡಿದ್ರೆ ಬಿಡುದು ಹೇಗೆ?" ಅಂದರು.

ನಾನು ಬಿಡಲಿಲ್ಲ, ನನ್ನ ಬೆರಳಿಗೆ ವಜ್ರವೇ ಬಂತು, ತಗ್ಗಿನ ಆರು ಉಗುರಿನಲ್ಲಿ. ಅವರೂ ಬಿಡಲಿಲ್ಲ, ಮಾದರಿಯನ್ನೇ ಕೊಂಡು, ಅಳತೆ ಹಿಗ್ಗಿಸಿ ತಮ್ಮ ಬೆರಳಿಗೆ ಹಾಕಿಕೊಂಡರು. ಆ ಗಾಜು ನನ್ನ ವಜ್ರದ ಎರಡರಷ್ಟು ದಪ್ಪ.

ನಿಶ್ಚಯದ ದಿನ ಇಳಕಲ್ ಸೀರೆಯುಟ್ಟು, ಸೆರಗಿನ ಮೇಲೆ ಕೈಯಿಟ್ಟು ಗತ್ತಿನಿಂದ ಕೂತೆ. ಬಂದವರೆಲ್ಲ ಅವರ ಕೈ ಹಿಡಿದು ಹಿಡಿದು ನೋಡಿದರು. ಧಾರವಾಡದ ಹಿರಿಯರೊಬ್ಬರು ನನ್ನ ಪಕ್ಕಕ್ಕೆ ಬಂದು, ನನ್ನ ವಜ್ರವನ್ನು ಬೆರಳಿನಿಂದ ಮುಟ್ಟಿ, ಕಿವಿಯಲ್ಲಿ ಹೇಳಿದರು:

"ಮನಸ್ಸಿಗೆ ಹಚ್ಕೋಬ್ಯಾಡ್ರಿ ತಂಗಿ. ಗಂಡಸರ ಬುದ್ಧಿನ ಹಿಂಗ. ಖರೇದ್ದು ತಾವು ಹಾಕ್ಕೊಂಡು ನಿಮಗ ಗಾಜು ಕೊಟ್ಟಾರ."