ಇಂಗ್ಲಿಷ್ ಹಾಡಿನ ಬೈಂಡು

ಪುಸ್ತಕಕ್ಕೆ ಬೈಂಡು ಹಾಕುವ ತಮ್ಮಯ್ಯ ಸೀನಬಾರದಿತ್ತು. ಆದರೆ ರಟ್ಟಿಗೆ ಹಚ್ಚುವ ಮೈದಾ ಅಂಟಿಗೆ ಹುಳು ಹಿಡಿಯದಂತೆ ಮೈಲುತುತ್ತ ಬೆರೆಸುವಾಗ ಪುಡಿ ಮೂಗಿಗೇರಿ, ಸೀನು ಗುಡುಗಿನಂತೆ ಬಂತು. ಮೊಣಕೈ ತಗುಲಿ ಹಲಗೆಯ ಮೇಲಿದ್ದ ಹಾಳೆಗಳ ಕಟ್ಟು ಜಾರಿತು. ಆಷಾಢದ ಗಾಳಿ ಇದಕ್ಕೇ ಕಾದಿದ್ದಂತೆ ನುಗ್ಗಿ, ಹಾಳೆಗಳನ್ನೆಲ್ಲ ಹೊಳೆನರಸೀಪುರದ ಪೇಟೆಬೀದಿಗೆ ಹರಡಿಬಿಟ್ಟಿತು.

ಅವು ಸಾಹುಕಾರ ಕೃಷ್ಣಪ್ಪನವರ ಹಾಳೆಗಳು. ಅವರ ತಂದೆ ಮೈಸೂರಿನಲ್ಲಿದ್ದಾಗ ಬ್ಯಾಂಡಿನವರಿಂದ ಒಂದೊಂದಾಗಿ ಕೊಂಡು ಕೂಡಿಟ್ಟ ಹಳೇ ಇಂಗ್ಲಿಷ್ ಹಾಡುಗಳು. ಸ್ವರಲಿಪಿಯೆಂದರೆ ಐದೈದು ಗೆರೆ, ಗೆರೆಗೆ ಜೋತುಬಿದ್ದ ಬಾಲದ ಕರಿಕಾಳುಗಳು. "ರುದ್ರಪಟ್ಟಣದ ಸಂಗೀತ ವಿದ್ವಾಂಸರಿಗೂ ಇದು ತಿಳಿಯಾಕಿಲ್ಲ. ಈ ಸೀಮೇಲಿ ಓದೋನು ನಾನೊಬ್ನೇ" ಎಂದು ಕೃಷ್ಣಪ್ಪನವರು ಮೀಸೆ ತಿರುವುತ್ತಿದ್ದರು. ಎಲ್ಲವನ್ನೂ ಸೇರಿಸಿ, ಚರ್ಮದ ಬೆನ್ನು ಹಾಕಿ, ತಂದೆಯ ಹೆಸರನ್ನು ಚಿನ್ನದ ಬಣ್ಣದಲ್ಲಿ ಒತ್ತಿಕೊಡಬೇಕೆಂದು ಅಪ್ಪಣೆಯಾಗಿತ್ತು. ಅಂದು ಸಂಜೆ ತಾಲ್ಲೂಕಿನ ಹೊಸ ಅಮಲ್ದಾರರು ಹಾಡು ಕೇಳಲು ಅವರ ಮನೆಗೆ ಬರುವವರಿದ್ದರು.

"ಒಂದಾಳೆ ಇಂದುಮುಂದಾದ್ರೂ ಅಂಗ್ಡಿ ಬುಟ್ಟು ಎದ್ದೋಗ್ಬೇಕು ಕಣ್ಲಾ" ಎಂದಿದ್ದರು ಕೃಷ್ಣಪ್ಪ. ಮಳಿಗೆ ಅವರದ್ದೇ.

ತಮ್ಮಯ್ಯ ಹಾಳೆಗಳನ್ನು ಹೆಕ್ಕಿ ತಂದು ಮೂಲೆ ಮೂಲೆ ತಿರುವಿ ನೋಡಿದ. ಪುಟದ ನಂಬರಿದ್ದ ಮೂಲೆಗಳನ್ನು ಗೆದ್ದಲು ಎಂದೋ ತಿಂದು ಮುಗಿಸಿತ್ತು.

ಪಕ್ಕದ ದರ್ಜಿ ಪುಟ್ಟಸ್ವಾಮಿ ಕತ್ತರಿ ಹಿಡಿದೇ ಓಡಿಬಂದ. "ಅದ್ಯಾಕಂಗೆ ಬೆವರ್ತೀಯಾ? ಕಾಳು ತೆಳ್ಳಗಿರೋವು ಮೊದ್ಲು, ಒತ್ತಾಗಿರೋವು ಆಮ್ಯಾಕೆ. ಬಿತ್ತಿದ್ಮೇಲೆ ತಾನೇ ಪೈರು?"

ಎದುರು ಮನೆಯ ಸಂಗೀತದ ಮೇಡಂ ನೀಲಾಂಬಿಕೆ ಒಪ್ಪಲಿಲ್ಲ. "ರೀ, ಸುಮ್ನಿರಿ. ಬಾಲ ಮೇಲಿದ್ರೆ ಆರೋಹಣ, ಕೆಳಗಿದ್ರೆ ಅವರೋಹಣ. ಇಷ್ಟೂ ಗೊತ್ತಾಗಲ್ವಾ?"

ಇಬ್ಬರೂ ಜಗಳವಾಡುತ್ತಲೇ ಹಾಳೆಗಳನ್ನು ಇಸ್ಪೀಟಿನಂತೆ ಕಲಸಿದರು. ಒಂದಿಷ್ಟು ಬಿತ್ತನೆಯ ಲೆಕ್ಕದಲ್ಲಿ, ಒಂದಿಷ್ಟು ಬಾಲದ ಲೆಕ್ಕದಲ್ಲಿ ಸೇರಿದವು. ಹೊತ್ತು ಇಳಿಯುತ್ತಿತ್ತು. ತಮ್ಮಯ್ಯ ದೇವರ ಮೇಲೆ ಭಾರ ಹಾಕಿ ಹೊಲಿದ, ಅಂಟಿಸಿದ, ಒತ್ತಿದ. ಪುಸ್ತಕ ಮದುವಣಗಿತ್ತಿಯಂತೆ ಹೊಳೆಯಿತು. ಅವನ ಮುಖ ಮಾತ್ರ ಜ್ವರ ಬಂದವನಂತಿತ್ತು.

ಕೃಷ್ಣಪ್ಪನವರ ನಡುಮನೆಯಲ್ಲಿ ಊರಿನ ದೊಡ್ಡವರೆಲ್ಲ ನೆರೆದಿದ್ದರು. ಅಮಲ್ದಾರರು ಬೈಂಡು ಸವರಿ "ಭೇಷ್!" ಎಂದರು. ಕೃಷ್ಣಪ್ಪನವರು ಹಾರ್ಮೋನಿಯಂ ಮುಂದೆ ಕುಳಿತು ಪುಸ್ತಕ ತೆರೆದರು. ಹುಬ್ಬು ಗಂಟಿಕ್ಕಿತು. ಒಂದು ಪುಟ ಮುಂದೆ ಹೋದರು, ಎರಡು ಹಿಂದೆ ಬಂದರು. "ಹುಂ" ಎಂದರು.

ಆ ಒಂದು 'ಹುಂ'ಗೆ ಬಾಗಿಲ ಬಳಿ ನಿಂತಿದ್ದ ತಮ್ಮಯ್ಯನ ಜೀವ ಬಾಯಿಗೆ ಬಂತು. ಅವನು ಹೊಸ್ತಿಲಲ್ಲೇ ಅಡ್ಡಬಿದ್ದ.

"ತಪ್ಪಾಯ್ತು ಬುದ್ಧೀ! ಸೀನ್ಬುಟ್ಟೆ! ಆಳೆ ಎಲ್ಲಾ ಬೆರಕೆಯಾಗೋದ್ವು. ಅಂಗ್ಡಿ ಮಾತ್ರ ಕಿತ್ಕಬ್ಯಾಡಿ!"

ನೆರೆದವರೆಲ್ಲ ಕೃಷ್ಣಪ್ಪನವರ ಮುಖ ನೋಡಿದರು. ಅಮಲ್ದಾರರು ಮಾತ್ರ ನಕ್ಕರು. "ಅದಕ್ಕೇನಂತೆ? ಓದೋಕೆ ಬರೋರು ನೀವೇ ಇದ್ದೀರಲ್ಲ ಕೃಷ್ಣಪ್ಪನವ್ರೇ. ಬಿಚ್ಚಿ ಜೋಡಿಸ್ಕೊಂಡು ಬನ್ನಿ, ಕಾಯ್ತೀವಿ. ಅಷ್ಟರಲ್ಲಿ ನಮ್ಮ ಮನೆಯವರನ್ನೂ ಕರೆಸ್ತೀನಿ. ಅವರು ಕಾನ್ವೆಂಟಲ್ಲಿ ಪಿಯಾನೋ ಕಲಿತೋರು."

ಕೃಷ್ಣಪ್ಪನವರು ಎದ್ದರು. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ತಮ್ಮಯ್ಯನ ರಟ್ಟೆ. ಹಿಂದಿನ ಕೋಣೆಗೆ ಎಳೆದೊಯ್ದು ಅಗುಳಿ ಹಾಕಿದರು. ತಮ್ಮಯ್ಯ ಕಣ್ಣು ಮುಚ್ಚಿ ಏಟಿಗೆ ಕಾದ. ಏಟು ಬೀಳಲಿಲ್ಲ. ಕಣ್ಣು ಬಿಟ್ಟರೆ, ಸಾಹುಕಾರರು ನೆಲದ ಮೇಲೆ ಕುಕ್ಕರಿಸಿ ಬೆವರು ಒರೆಸಿಕೊಳ್ಳುತ್ತಿದ್ದರು.

"ಅಲ್ಲಲೇ ಮುಂಡೇದೆ, ನಂಗೆಲ್ಲಿ ಬತ್ತದ್ಲಾ ಇದು?" ಪಿಸುಗುಟ್ಟಿದರು. "ನಮ್ಮಪ್ಪಂಗೂ ಬತ್ತಿರ್ಲಿಲ್ಲ. ಇದ್ನ ಮುಂದೆ ಮಡಿಕ್ಕಂಡು ನಂಗೆ ಬರೋದ್ನ ಬಾರುಸ್ತಿದ್ದೆ. ಊರು ತಲೆದೂಗ್ತಿತ್ತು. ನೀನೊಬ್ಬ ಬಾಯ್ಮುಚ್ಕಂಡು ನಿಂತಿದ್ದಿದ್ರೆ ಆಗೋಗದು!"

ತಮ್ಮಯ್ಯನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಈಗೇನು ಮಾಡಾದು ಬುದ್ಧಿ? ಅಮ್ಮಾವ್ರು ಬಂದ್ಬುಡ್ತಾರಲ್ಲ?"

ಕೃಷ್ಣಪ್ಪನವರು ಹಿತ್ತಲ ಬಾಗಿಲು ತೆರೆದು, ಪುಸ್ತಕವನ್ನು ಅವನ ಕಂಕುಳಿಗೆ ತುರುಕಿದರು.

"ಆ ಗೋಡೆ ಹತ್ತಿ ಓಡು. ಪುಸ್ತಕ ಇಲ್ದಿದ್ರೆ ಹಾಡೂ ಇಲ್ಲ. ನೀನು ಕದ್ಕಂಡೋದೆ ಅಂತ ನಾನು ಕೂಗ್ಕತೀನಿ."

"ಬುದ್ಧೀ! ನಾನು ಕಳ್ಳ ಅನ್ನಿಸ್ಕಬೇಕಾ?"

"ನಾಳೀಕೆ ಬಿಡಿಸ್ಕಂಡ್ ಬತ್ತೀನಿ ಕಣ್ಲಾ, ಎದರ್ಬ್ಯಾಡ. ಅಂಗ್ಡಿ ಬೇಕಾ, ಬ್ಯಾಡ್ವಾ?"

ಅಂಗಡಿ ಬೇಕಿತ್ತು. ತಮ್ಮಯ್ಯ ಪಂಚೆ ಎತ್ತಿ ಕಟ್ಟಿ ಗೋಡೆ ಹತ್ತಿದ. ಹಿಂದಿನಿಂದ ಸಾಹುಕಾರರು ಹಾರ್ಮೋನಿಯಂಗೂ ಸಿಗದ ಸ್ವರದಲ್ಲಿ "ಕಳ್ಳಾ! ಕಳ್ಳಾ!" ಎಂದು ಕೂಗುತ್ತಿದ್ದರು. ಅವನು ಒಂದು ಕಾಲನ್ನು ಆಚೆ ಹಾಕಿ ಕೆಳಗೆ ನೋಡಿದ.

ಹಿತ್ತಲ ಓಣಿಯಲ್ಲಿ ನಿಲ್ಲಿಸಿದ್ದ ಅಮಲ್ದಾರರ ಜೀಪಿಗೆ ಒರಗಿ ಬೀಡಿ ಸೇದುತ್ತಿದ್ದ ಪೊಲೀಸಿನವನು, ತಲೆಯೆತ್ತಿ ಅವನನ್ನೇ ನೋಡುತ್ತಿದ್ದ.